ಕ್ಯೂಬಾದ ಆಟಗಾರರು ಎಲ್ಲಿ ಹುಟ್ಟುತ್ತಾರೆ?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕ್ಯೂಬಾದ ಕುಸ್ತಿಪಟು ಮಿಹಾಯಿನ್ ಲೋಪೆಸ್ ಐದನೆಯ ಚಿನ್ನ ಗೆದ್ದು, ಬೂಟುಗಳನ್ನು ಮ್ಯಾಟಿನ ನಡುವೆ ಬಿಚ್ಚಿಟ್ಟು ಹೊರನಡೆದ ದೃಶ್ಯವನ್ನು ಮಕ್ಕಳಿಗೆ ತೋರಿಸಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಅಲ್ಲಿ ಬ್ರೆಡ್ಡಿಗೂ ರೇಷನ್ ಇದೆಯಂತೆ, ಕರೆಂಟೇ ಇರುವುದಿಲ್ಲವಂತೆ. ಮತ್ತೆ ಹೇಗೆ ಗೆಲ್ಲುತ್ತಾರೆ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಅಲ್ಲಿನ ಜನರ ದಿನನಿತ್ಯದ ಬದುಕು ಹೇಗಿದೆ? ಆಟಕ್ಕೆ ಅದರಲ್ಲಿ ಎಲ್ಲಿ ಜಾಗ? ಈ ಗೆಲುವು ಸರ್ಕಾರದ್ದೋ, ಜನರದ್ದೋ?

ಉತ್ತರ: ಆ ಹುಡುಗಿಗೆ ಅದೇ ಫೈನಲ್ ಪಂದ್ಯವನ್ನು ಇನ್ನೊಮ್ಮೆ ತೋರಿಸಿ. ಈ ಸಲ ಸೋತವರನ್ನು ಗಮನಿಸಲು ಹೇಳಿ. 2024ರ ಆಗಸ್ಟ್ 6ರಂದು, 130 ಕಿಲೋ ಗ್ರೀಕೊ-ರೋಮನ್ ಕುಸ್ತಿಯ ವಿಭಾಗದಲ್ಲಿ ಲೋಪೆಸ್ 6-0ರಿಂದ ಮಣಿಸಿದ್ದು ಚಿಲಿ ದೇಶದ ಯಾಸ್ಮಾನಿ ಅಕೋಸ್ತಾ ಅವರನ್ನು. ಈ ಅಕೋಸ್ತಾ ಹುಟ್ಟಿದ್ದು ಕ್ಯೂಬಾದಲ್ಲಿ, ಪಟ್ಟು ಕಲಿತದ್ದೂ ಕ್ಯೂಬಾದಲ್ಲಿ. ಅದೇ ತೂಕದಲ್ಲಿ ಲೋಪೆಸ್ ಇರುವಷ್ಟು ಕಾಲ ತಮ್ಮ ಸರದಿ ಬರುವುದು ಕಷ್ಟವಿತ್ತು. 2015ರಲ್ಲಿ ಸ್ಪರ್ಧೆಗೆಂದು ಚಿಲಿಗೆ ಹೋದವರು ಅಲ್ಲಿಯೇ ಉಳಿದುಬಿಟ್ಟರು. ಒಂಬತ್ತು ವರ್ಷಗಳ ನಂತರ ಜಗತ್ತಿನ ಅತಿ ದೊಡ್ಡ ವೇದಿಕೆಯಲ್ಲಿ ಒಂದೇ ನೆಲದ ಇಬ್ಬರು ಎರಡು ಬಣ್ಣದ ಉಡುಪಿನಲ್ಲಿ ಎದುರಾದರು. ಮೂರು ದಿನ ಕಳೆದ ಮೇಲೆ ಪುರುಷರ ಟ್ರಿಪಲ್ ಜಂಪ್ ನಡೆಯಿತು. ಚಿನ್ನ ಸ್ಪೇನಿನ ಹೋರ್ದಾನ್ ದೀಯಾಸ್ ಅವರಿಗೆ, ಬೆಳ್ಳಿ ಪೋರ್ಚುಗಲ್ಲಿನ ಪೆದ್ರೊ ಪಿಚಾರ್ದೊ ಅವರಿಗೆ, ಕಂಚು ಇಟಲಿಯ ಆಂಡಿ ದೀಯಾಸ್ ಅವರಿಗೆ. ಮೂವರೂ ಕ್ಯೂಬಾದಲ್ಲಿ ಹುಟ್ಟಿ, ಅಲ್ಲಿಯೇ ಜಿಗಿಯಲು ಕಲಿತವರು. ಕ್ಯೂಬಾದ ಲೆಕ್ಕಕ್ಕೆ ಆ ಸ್ಪರ್ಧೆಯಿಂದ ಬಂದ ಪದಕ ಒಂದೂ ಇಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಇಲ್ಲಿಯೇ ಇದೆ. ಆಟಗಾರರನ್ನು ಹುಟ್ಟಿಸುವ ಬೀದಿ ಅಲ್ಲಿ ಮೊದಲಿನಿಂದಲೂ ಇತ್ತು. 1960ರ ದಶಕದಲ್ಲಿ ಸರ್ಕಾರ ಆ ಬೀದಿಗೆ ಶಾಲೆಯನ್ನೂ ತರಬೇತುದಾರರನ್ನೂ ಕೊಟ್ಟಿತು. ಬೆಳೆದವರನ್ನು ಉಳಿಸಿಕೊಳ್ಳುವ ಬಲ ಈಗ ಆ ದೇಶಕ್ಕೆ ಇಲ್ಲ. ಇದನ್ನು ಬಿಡಿಸಿ ಹೇಳಲು ಬೆಳಗಿನ ಬ್ರೆಡ್ಡಿನಿಂದಲೇ ಆರಂಭಿಸುತ್ತೇನೆ. ನಿಮ್ಮ ವಿದ್ಯಾರ್ಥಿನಿ ಆರಂಭಿಸಿದ್ದೂ ಅಲ್ಲಿಂದಲೇ.

ಕ್ಯೂಬಾದ ಪ್ರತಿ ಮನೆಯಲ್ಲಿ ಒಂದು ಚಿಕ್ಕ ಪುಸ್ತಕವಿರುತ್ತದೆ, ಅದನ್ನು ಲಿಬ್ರೇತಾ ಎನ್ನುತ್ತಾರೆ. ನಮ್ಮ ಹಳೆಯ ಪಡಿತರ ಚೀಟಿಯಂತೆಯೇ. 1962ರಿಂದ ನಡೆದುಬಂದ ವ್ಯವಸ್ಥೆ ಅದು. ಬಡವ, ಶ್ರೀಮಂತ ಎಂಬ ಭೇದವಿಲ್ಲದೆ ಎಲ್ಲರಿಗೂ ಉಂಟು. ಬಡಾವಣೆಯ ಬೋದೇಗಾ, ಎಂದರೆ ಪಡಿತರದ ಅಂಗಡಿ, ಅಲ್ಲಿ ತಲೆಗೆ ಇಷ್ಟು ಎಂದು ಅಕ್ಕಿ, ಕಾಳು, ಸಕ್ಕರೆ, ಎಣ್ಣೆ, ಹುರಿದ ಬಟಾಣಿ ಬೆರೆಸಿದ ಕಾಫಿಪುಡಿ. ಏಳು ವರ್ಷ ತುಂಬುವವರೆಗೆ ಮಕ್ಕಳಿಗೆ ಹಾಲು. ದಿನಕ್ಕೊಂದು ಬನ್ನು. ಆ ಬನ್ನಿನ ತೂಕ 80 ಗ್ರಾಂ ಇದ್ದದ್ದು 2024ರ ಸೆಪ್ಟೆಂಬರಿನಲ್ಲಿ 60 ಗ್ರಾಂಗೆ ಇಳಿಯಿತು. ಈಚಿನ ವರ್ಷಗಳಲ್ಲಿ ಪುಸ್ತಕದಲ್ಲಿ ಬರೆದಿರುವುದೆಲ್ಲ ಅಂಗಡಿಗೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಉಳಿದದ್ದನ್ನು ಖಾಸಗಿ ಅಂಗಡಿಯಲ್ಲಿ ಕೊಳ್ಳಬೇಕು. ಅಲ್ಲಿ ಒಂದು ಟ್ರೇ ಮೊಟ್ಟೆಗೆ ಸರ್ಕಾರಿ ನೌಕರನ ತಿಂಗಳ ಸಂಬಳದ ದೊಡ್ಡ ಪಾಲು ಹೋಗುತ್ತದೆ. ಹೊರದೇಶದಲ್ಲಿರುವ ಮಗನೋ ತಂಗಿಯೋ ಡಾಲರ್ ಕಳಿಸುವ ಮನೆಗೂ, ಯಾರೂ ಕಳಿಸದ ಮನೆಗೂ ಇರುವ ಅಂತರ ಇಂದಿನ ಕ್ಯೂಬಾದ ಅತಿ ದೊಡ್ಡ ಅಂತರ.

ಇಂಥಲ್ಲಿ ಸರದಿ ಸಾಲು ಬದುಕಿನ ಭಾಗವೇ ಆಗಿಬಿಡುತ್ತದೆ. ಅದರ ನಡವಳಿಕೆ ನನಗೆ ತುಂಬಾ ಇಷ್ಟ. ಬಂದವರು ಯಾರ ಬೆನ್ನಿಗೂ ಅಂಟಿ ನಿಲ್ಲುವುದಿಲ್ಲ. "ಕೊನೆಯವರು ಯಾರು?" ಎಂದು ಗಟ್ಟಿಯಾಗಿ ಕೇಳುತ್ತಾರೆ. ಒಬ್ಬರು ಕೈ ಎತ್ತುತ್ತಾರೆ. ಅವರನ್ನೇ, "ನೀವು ಯಾರ ಹಿಂದೆ?" ಎಂದೂ ಕೇಳಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನವರು ಬೇಸತ್ತು ಹೊರಟುಹೋದರೆ ಕೊಂಡಿ ತಪ್ಪಬಾರದು. ಆಮೇಲೆ ಯಾರು ಎಲ್ಲಿ ಬೇಕಾದರೂ ಕೂರಬಹುದು. ಮರದ ನೆರಳಿಗೆ ಹೋಗಬಹುದು, ಪಕ್ಕದ ಸಾಲಿನಲ್ಲಿಯೂ ಜಾಗ ಹಿಡಿದು ಬರಬಹುದು. ದೂರದಿಂದ ನೋಡಿದರೆ ಅದು ಚದುರಿದ ಗುಂಪು. ಒಳಗೆ ಮಾತ್ರ ಪ್ರತಿಯೊಬ್ಬರ ಸ್ಥಾನವೂ ಇನ್ನೊಬ್ಬರ ನೆನಪಿನಲ್ಲಿ ಭದ್ರ. ದಿನಕ್ಕೆ ನೂರು ಸಲ ಕೇಳಿಬರುವ ಅವರ ಇನ್ನೊಂದು ಮಾತು ರೆಸೋಲ್ವೆರ್. ನಿಘಂಟಿನ ಅರ್ಥ "ಬಗೆಹರಿಸು". ಬೀದಿಯ ಅರ್ಥ, ಇಲ್ಲದ್ದನ್ನು ಹೇಗಾದರೂ ಹೊಂದಿಸು. 1950ರ ದಶಕದ ಅಮೆರಿಕನ್ ಕಾರಿಗೆ ರಷ್ಯಾದ ಡೀಸೆಲ್ ಎಂಜಿನ್ ಕೂರಿಸಿ ಶೇರ್ ಟ್ಯಾಕ್ಸಿ ಓಡಿಸುವುದು ರೆಸೋಲ್ವೆರ್. ಹವಾನಾದ ಹಳೆಯ ಮನೆಗಳ ಎತ್ತರದ ಚಾವಣಿಯ ಕೆಳಗೆ ಮರದ ಅಟ್ಟ ಕಟ್ಟಿ ಒಂದು ಕೋಣೆಯನ್ನು ಎರಡಾಗಿಸುವುದೂ ರೆಸೋಲ್ವೆರ್. ಆ ಅಟ್ಟಕ್ಕೆ ಬಾರ್ಬಕೋವಾ ಎಂಬ ಹೆಸರಿದೆ. ಮದುವೆಯಾದ ಮಗ ಮೇಲೆ, ಅಪ್ಪ ಅಮ್ಮ ಕೆಳಗೆ, ಅಜ್ಜಿ ಕಿಟಕಿಯ ಬಳಿ.

ಹೀಗೆ ಇಕ್ಕಟ್ಟಾದ ಮನೆಯಿಂದ ಜನ ಹೊರಬರುತ್ತಾರೆ. ಸೆಕೆ ಬೇರೆ. ಕರೆಂಟು ಹೋದರೆ ಫ್ಯಾನೂ ಇಲ್ಲ. 2024ರ ಅಕ್ಟೋಬರ್ 18ರಂದು ಅಂತೋನಿಯೊ ಗಿತೆರಾಸ್ ಎಂಬ ಒಂದೇ ವಿದ್ಯುತ್ ಸ್ಥಾವರ ಕೆಟ್ಟು ನಿಂತದ್ದಕ್ಕೆ ಇಡೀ ದೇಶ ಕತ್ತಲಾಯಿತು. ಅದಕ್ಕೂ ಮೊದಲು, ಅದಾದ ಮೇಲೂ ಗಂಟೆಗಟ್ಟಲೆ ಕಡಿತ ಇದ್ದೇ ಇದೆ. ಆಗ ಬಾಗಿಲಲ್ಲಿ ಕುರ್ಚಿ ಬೀಳುತ್ತವೆ, ಬೀದಿಯ ನಡುವೆ ಮೇಜು ಬರುತ್ತದೆ, ಡಾಮಿನೊ ಶುರು. ಹವಾನಾ ಕಡೆ 55 ಬಿಲ್ಲೆಗಳ ಆಟ, ಪೂರ್ವದ ಸಾಂತಿಯಾಗೊ ಕಡೆ 28 ಬಿಲ್ಲೆಗಳದ್ದು. ಇಬ್ಬಿಬ್ಬರ ಜೋಡಿ. ಬಿಲ್ಲೆ ಕಲೆಸುವುದನ್ನು "ನೀರು ಕೊಡುವುದು" ಎನ್ನುತ್ತಾರೆ. ಸೋತ ಜೋಡಿ ಎದ್ದು ಜಾಗ ಬಿಡಬೇಕು, ಹಿಂದೆ ನಿಂತವರು ಕಾಯುತ್ತಿರುತ್ತಾರೆ. ಇದನ್ನು ರಮ್ಯವಾಗಿ ಚಿತ್ರಿಸಲು ನನಗೆ ಮನಸ್ಸಿಲ್ಲ. ಕತ್ತಲಲ್ಲಿ ಮಗುವಿಗೆ ಬೀಸಣಿಗೆ ಬೀಸುತ್ತ ರಾತ್ರಿ ಕಳೆಯುವ ತಾಯಿಗೆ ಡಾಮಿನೊ ಸದ್ದು ಸಂಗೀತವಾಗಿ ಕೇಳಿಸುವುದಿಲ್ಲ. ಆದರೆ ಬೀದಿಯೇ ಮನೆಯ ಪಡಸಾಲೆಯಾಗಿರುವ ಊರಿನಲ್ಲಿ ಮಕ್ಕಳು ಬೆಳೆಯುವ ರೀತಿ ಬೇರೆ. ಐದು ವರ್ಷದ ಮಗು ಇಪ್ಪತ್ತು ವರ್ಷದವನ ಆಟವನ್ನು ಎರಡು ಮಾರು ದೂರದಿಂದ ದಿನವೂ ನೋಡುತ್ತದೆ. ಕಲಿಕೆ ಅಲ್ಲಿ ಶುರುವಾಗುತ್ತದೆ.

ಆ ಮಕ್ಕಳು ಏನು ಆಡುತ್ತಾರೆ? ಕೇಳಿದರೆ ನಿಮಗೆ ಸಂತೋಷವಾಗುತ್ತದೆ. ಎರಡೂ ತುದಿ ಚೂಪಾಗಿಸಿದ ಗಿಡ್ಡ ಕಡ್ಡಿಯೊಂದು, ಅದನ್ನು ಹಾರಿಸಿ ಹೊಡೆಯಲು ಉದ್ದನೆಯ ಕೋಲೊಂದು. ಅವರು ಕಿಂಬುಂಬಿಯಾ ಎನ್ನುತ್ತಾರೆ, ನಾವು ಚಿನ್ನಿದಾಂಡು ಎನ್ನುತ್ತೇವೆ. ಇನ್ನೊಂದು ಆಟ "ನಾಲ್ಕು ಮೂಲೆ". ಎರಡು ಬೀದಿ ಕೂಡುವ ಜಾಗದಲ್ಲಿ ನಾಲ್ಕು ಮೂಲೆಗಳೇ ನಾಲ್ಕು ಬೇಸ್, ಎಂದರೆ ಓಡಿ ಮುಟ್ಟಬೇಕಾದ ಠಾಣೆಗಳು. ಬ್ಯಾಟ್ ಇಲ್ಲ, ಅಂಗೈಯಿಂದಲೇ ಚೆಂಡಿಗೆ ಹೊಡೆತ. ಕಾರು ಬಂದರೆ ಆಟ ನಿಲ್ಲುತ್ತದೆ, ಹೋದ ಮೇಲೆ ಮುಂದುವರಿಯುತ್ತದೆ. ಚೆಂಡು ಸಿಗದಿದ್ದರೆ ಕಾರ್ಕಿಗೋ ಚಿಂದಿಗೋ ಟೇಪು ಸುತ್ತಿದ ಉಂಡೆ, ಪೊರಕೆಯ ಕೋಲೇ ಬ್ಯಾಟ್. ಇಷ್ಟು ಚಿಕ್ಕ, ಅಂಕುಡೊಂಕಾಗಿ ಹಾರುವ ವಸ್ತುವನ್ನು ಸಣ್ಣ ಕೋಲಿನಿಂದ ಹೊಡೆದು ಅಭ್ಯಾಸವಾದವನಿಗೆ ಮುಂದೆ ನಿಜವಾದ ಬೇಸ್‌ಬಾಲ್ ದೊಡ್ಡದಾಗಿಯೇ ಕಾಣುತ್ತದೆ. ನೀವು ವೃತ್ತಿಯಲ್ಲಿ ಇರುವವರು, ಕಣ್ಣು ಕೈಗಳ ಹೊಂದಾಣಿಕೆಗೆ ಇದಕ್ಕಿಂತ ಅಗ್ಗದ ಪಾಠ ಬೇರೊಂದಿಲ್ಲವೆಂದು ನಾನು ಹೇಳಬೇಕಾಗಿಲ್ಲ.

ಬೇಸ್‌ಬಾಲ್ ಬಗ್ಗೆ ತುಸು ನಿಧಾನವಾಗಿ ಹೇಳಬೇಕು. ಕ್ಯೂಬನ್ನರಿಗೆ ಅದು ಪೆಲೋತಾ. ಅಮೆರಿಕವನ್ನು ಅಷ್ಟು ಎದುರುಹಾಕಿಕೊಂಡ ದೇಶಕ್ಕೆ ಅಮೆರಿಕದ ಆಟ ಹೇಗೆ ಪ್ರಾಣವಾಯಿತು ಎಂದು ಬಹಳ ಮಂದಿ ಕೇಳುತ್ತಾರೆ. ಉತ್ತರ 19ನೆಯ ಶತಮಾನದಲ್ಲಿದೆ. ಆಗ ಕ್ಯೂಬಾವನ್ನು ಆಳುತ್ತಿದ್ದದ್ದು ಸ್ಪೇನ್. ಆಳುವವರ ಮನರಂಜನೆ ಗೂಳಿ ಕಾಳಗ. ಅಮೆರಿಕದಲ್ಲಿ ಓದಲು ಹೋದ ಕ್ಯೂಬಾದ ಹುಡುಗರು ಮರಳುವಾಗ ಹೊಸ ಆಟ ತಂದರು. 1864ರಲ್ಲಿ ಅಲಬಾಮಾದಿಂದ ಹವಾನಾಕ್ಕೆ ಹಿಂದಿರುಗಿದ ನೆಮೆಸಿಯೊ ಗಿಯ್ಯೊ ಎಂಬ ವಿದ್ಯಾರ್ಥಿಯ ಪೆಟ್ಟಿಗೆಯಲ್ಲಿ ಬ್ಯಾಟೂ ಚೆಂಡೂ ಇದ್ದವು ಎನ್ನುವಲ್ಲಿಂದ ಈ ಕಥೆ ತೊಡಗುತ್ತದೆ. 1868ರಲ್ಲಿ ಸ್ವಾತಂತ್ರ್ಯಕ್ಕಾಗಿ ಹತ್ತು ವರ್ಷಗಳ ಯುದ್ಧ ಹೊತ್ತಿಕೊಂಡಿತು. ಗೂಳಿ ಕಾಳಗಕ್ಕೆ ಹೋಗದೆ ಪೆಲೋತಾ ಆಡುವುದೆಂದರೆ ನಾನು ಸ್ಪೇನಿನವನಲ್ಲ ಎಂದು ಸಾರಿದಂತೆ. ಅಧಿಕಾರಿಗಳು ಈ ಆಟವನ್ನು ಅನುಮಾನದಿಂದ ಕಂಡರು, ನಿಷೇಧಿಸಿದ್ದೂ ಉಂಟು. ಯುದ್ಧ ನಡೆಯುತ್ತಿರುವಾಗಲೇ, 1874ರ ಡಿಸೆಂಬರ್ 27ರಂದು, ಮತಾನ್ಸಾಸ್ ನಗರದ ಪಾಲ್ಮಾರ್ ದೆ ಹುಂಕೊ ಮೈದಾನದಲ್ಲಿ ಹವಾನಾ ತಂಡ ಮತಾನ್ಸಾಸನ್ನು 51-9ರಿಂದ ಸೋಲಿಸಿತು. ಆ ದಿನ ಹವಾನಾ ಪರವಾಗಿ ಆಡಿದ ಎಸ್ತೆಬಾನ್ ಬೆಯ್ಯಾನ್, 1871ರಲ್ಲೇ ಅಮೆರಿಕದ ವೃತ್ತಿಪರ ಲೀಗಿನಲ್ಲಿ ಆಡಿದ್ದ ಮೊದಲ ಲ್ಯಾಟಿನ್ ಅಮೆರಿಕದವರು. ಕ್ಯೂಬಾದ ಬೇಸ್‌ಬಾಲ್ ಲೀಗ್ ಕಟ್ಟಿದವರಲ್ಲಿ ಪ್ರಮುಖರಾದ ಎಮಿಲಿಯೊ ಸಬೂರಿನ್ ಸ್ವಾತಂತ್ರ್ಯ ಹೋರಾಟಕ್ಕೆ ನೆರವಾದ ಕಾರಣಕ್ಕೆ ಬಂಧಿತರಾಗಿ, 1897ರಲ್ಲಿ ಆಫ್ರಿಕಾದ ತೀರದ ಸೆಯುತಾ ಸೆರೆಮನೆಯಲ್ಲಿ ತೀರಿಕೊಂಡರು. ಆಟಕ್ಕೆ ಇಂಥ ಬೆಲೆ ತೆತ್ತ ಜನ ಅದನ್ನು ಪರದೇಶದ್ದೆಂದು ಹೇಗೆ ಎಣಿಸಿಯಾರು?

ಈ ಹೆಮ್ಮೆಯ ಕಥೆಯಲ್ಲಿ ಒಂದು ಕಪ್ಪು ಪುಟವೂ ಇದೆ. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1886ರಲ್ಲಿ. ಮುಖ್ಯ ಲೀಗಿನೊಳಗೆ ಕರಿಯ ಆಟಗಾರರಿಗೆ ಬಾಗಿಲು ತೆರೆದದ್ದು 1900ರಲ್ಲಿ. ಹವ್ಯಾಸಿ ಲೀಗ್ ನಡೆಸುತ್ತಿದ್ದ ಶ್ರೀಮಂತರ ಕ್ಲಬ್ಬುಗಳಲ್ಲಂತೂ ಫಿಡೆಲ್ ಕ್ಯಾಸ್ಟ್ರೊ ನೇತೃತ್ವದ 1959ರ ಕ್ರಾಂತಿಯವರೆಗೂ ಬಣ್ಣದ ಗೋಡೆ ಬೀಳಲಿಲ್ಲ. ಮತಾನ್ಸಾಸ್ ಪ್ರಾಂತದ ಮಾರ್ತಿನ್ ದಿಹೀಗೊ ಚೆಂಡು ಎಸೆಯುವುದರಲ್ಲೂ ಹೊಡೆಯುವುದರಲ್ಲೂ ಮೈದಾನದ ಯಾವ ಜಾಗದಲ್ಲಿ ನಿಲ್ಲಿಸಿದರೂ ಅಸಾಮಾನ್ಯರು. ಕ್ಯೂಬಾ, ಮೆಕ್ಸಿಕೊ, ಅಮೆರಿಕ ಮೂರೂ ದೇಶಗಳ ಗೌರವ ಪಟ್ಟಿಯಲ್ಲಿ ಅವರ ಹೆಸರಿದೆ. ಹಾಗಿದ್ದೂ ಚರ್ಮದ ಬಣ್ಣದ ಕಾರಣಕ್ಕೆ ಅಮೆರಿಕದ ಮೇಜರ್ ಲೀಗಿನಲ್ಲಿ ಅವರಿಗೆ ಒಂದು ದಿನವೂ ಆಡಲು ಬಿಡಲಿಲ್ಲ. ಇನ್ನು ಹಳ್ಳಿಗಾಡಿನಲ್ಲಿ ಆಟ ಬೆಳೆದದ್ದು ಸಕ್ಕರೆ ಕಾರ್ಖಾನೆಗಳ ಸುತ್ತ. ಪ್ರತಿ ಕಾರ್ಖಾನೆಯ ಕಾರ್ಮಿಕರ ಕಾಲೊನಿಗೂ ಒಂದು ತಂಡ, ಕಬ್ಬಿನ ಗದ್ದೆಯ ಪಕ್ಕದಲ್ಲೊಂದು ಮೈದಾನ. 2002ರಿಂದ ಆ ಕಾರ್ಖಾನೆಗಳಲ್ಲಿ ಅರ್ಧದಷ್ಟು ಮುಚ್ಚಿದಾಗ ಕಾಲೊನಿಗಳ ಜೊತೆಗೆ ಆ ಮೈದಾನಗಳೂ ಸೊರಗಿದವು.

ಹವಾನಾದ ನಡುಮಧ್ಯದ ಸೆಂಟ್ರಲ್ ಪಾರ್ಕಿನಲ್ಲಿ "ಬಿಸಿ ಮೂಲೆ" ಎಂಬ ಜಾಗವಿದೆ. ಅಲ್ಲಿ ದಿನವೂ ಗಂಡಸರು ಗುಂಪುಗೂಡಿ ಬೇಸ್‌ಬಾಲ್ ಬಗ್ಗೆ ವಾದಿಸುತ್ತಾರೆ. ಗೊತ್ತಿಲ್ಲದವರು ಹೊಡೆದಾಟ ಶುರುವಾಯಿತೆಂದೇ ಹೆದರಿಕೊಳ್ಳಬೇಕು, ಅಷ್ಟು ಕೂಗಾಟ. ಮೂಗಿನ ತುದಿಗೆ ಬೆರಳು ತರುತ್ತಾರೆ, ಕೈ ಮಾತ್ರ ಮಾಡುವುದಿಲ್ಲ. ಹವಾನಾದ ಇಂದುಸ್ತ್ರಿಯಾಲೆಸ್ ತಂಡದ ನೀಲಿ, ಸಾಂತಿಯಾಗೊ ತಂಡದ ಕೆಂಪು, ಇವು ಅಪ್ಪನಿಂದ ಮಗನಿಗೆ ಇಳಿಯುವ ನಿಷ್ಠೆಗಳು. ಈಗಿನ ಹುಡುಗರಲ್ಲಿ ಫುಟ್‌ಬಾಲ್ ಹುಚ್ಚು ಹೆಚ್ಚಿದೆ, ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಅಂಗಿಗಳು ಹವಾನಾದ ಗಲ್ಲಿಗಳಲ್ಲಿ ಎಲ್ಲೆಲ್ಲೂ ಕಾಣುತ್ತವೆ. ಹಿರಿಯರಿಗೆ ಅದು ದುಃಖದ ವಿಷಯ.

ಈಗ ಸರ್ಕಾರದ ಪಾಲು. ಇದನ್ನು ಕಡಿಮೆ ಮಾಡಿ ಹೇಳುವುದು ಸುಳ್ಳಾಗುತ್ತದೆ. 1961ರ ಫೆಬ್ರುವರಿಯಲ್ಲಿ ಇಂದೆರ್ ಎಂಬ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಹುಟ್ಟಿತು. ಅದೇ ವರ್ಷ ಸಾಕ್ಷರತಾ ಆಂದೋಲನ ನಡೆಯಿತು. ಸುಮಾರು ಒಂದು ಲಕ್ಷ ಹದಿಹರೆಯದವರು ಲಾಟೀನು ಹಿಡಿದು ಹಳ್ಳಿಗಳಿಗೆ ಹೋದರು, ಏಳು ಲಕ್ಷಕ್ಕೂ ಹೆಚ್ಚು ಜನ ಓದುಬರಹ ಕಲಿತರು. ಕ್ರೀಡೆಯಲ್ಲೂ ಅದೇ ಹುರುಪು ಹರಿಯಿತು. ವೃತ್ತಿಪರ ಕ್ರೀಡೆಯನ್ನು ನಿಲ್ಲಿಸಿದರು. 1962ರ ಜನವರಿಯಲ್ಲಿ ಹವ್ಯಾಸಿಗಳ ರಾಷ್ಟ್ರೀಯ ಬೇಸ್‌ಬಾಲ್ ಸರಣಿ ಆರಂಭವಾಯಿತು. 1967ರಲ್ಲಿ ಕ್ರೀಡಾಂಗಣಗಳ ಪ್ರವೇಶ ಶುಲ್ಕವನ್ನೇ ತೆಗೆದುಹಾಕಿದರು. ನಿಮ್ಮ ವೃತ್ತಿಗೆ ಸಂಬಂಧಿಸಿದ ಭಾಗ ಇದಕ್ಕಿಂತ ಮುಖ್ಯ. ದೈಹಿಕ ಶಿಕ್ಷಕರನ್ನು ತಯಾರುಮಾಡಲು ವಿಶೇಷ ಉನ್ನತ ಸಂಸ್ಥೆ ಕಟ್ಟಿದರು, ಶಾಲೆ ಶಾಲೆಗೂ ಅವರನ್ನು ಕಳಿಸಿದರು. ಮಗುವಿನ ಎತ್ತರ, ಓಟ, ಜಿಗಿತ ಅಳೆದು ಬರೆದಿಡುವುದು ಆ ಶಿಕ್ಷಕರ ಕೆಲಸ. ಕಣ್ಣಿಗೆ ಬಿದ್ದ ಮಗು ಪ್ರಾಂತದ ಕ್ರೀಡಾ ವಸತಿ ಶಾಲೆಗೆ ಹೋಗುತ್ತದೆ. ಬೆಳಗ್ಗೆ ಪಾಠ, ಮಧ್ಯಾಹ್ನ ಅಭ್ಯಾಸ, ಊಟ ವಸತಿ ಎಲ್ಲ ಸರ್ಕಾರದ್ದು. ಅಲ್ಲಿಂದ ಮೇಲಿನ ಅಕಾಡೆಮಿ, ಕೊನೆಗೆ ರಾಷ್ಟ್ರೀಯ ತಂಡ. ರೈತನ ಮಗನೂ ಹಡಗುಕಟ್ಟೆಯ ಕೂಲಿಯ ಮಗಳೂ ಹತ್ತಬಹುದಾದ ಏಣಿ ಇದು. ಲೋಪೆಸ್ ಕೂಡ ಪಿನಾರ್ ದೆಲ್ ರಿಯೊ ಪ್ರಾಂತದ ಎರ್ರಾದುರಾ ಎಂಬ ಚಿಕ್ಕ ಊರಿನವರು.

ಬಾಕ್ಸಿಂಗ್ ಈ ಏಣಿಯ ಅತ್ಯುತ್ತಮ ಫಲ. ಕ್ರಾಂತಿಗೂ ಮೊದಲು ಕ್ಯೂಬಾದಲ್ಲಿ ದೊಡ್ಡ ವೃತ್ತಿಪರರಿದ್ದರು, 1931ರಲ್ಲಿ ವಿಶ್ವ ಪಟ್ಟ ಗೆದ್ದ ಕಿಡ್ ಚಾಕಲೇಟ್ ಅವರಲ್ಲೊಬ್ಬರು. ಒಲಿಂಪಿಕ್ ಬಾಕ್ಸಿಂಗ್ ಪದಕ ಮಾತ್ರ ಒಂದೂ ಇರಲಿಲ್ಲ. ಅಲ್ಸೀದೆಸ್ ಸಗಾರಾ ಎಂಬ ತರಬೇತುದಾರರು ಸೋವಿಯತ್ ಒಕ್ಕೂಟ ಮತ್ತು ಪೂರ್ವ ಜರ್ಮನಿಯಿಂದ ಬಂದವರ ಶಿಸ್ತನ್ನು ಕ್ಯೂಬಾದ ಹುಡುಗರ ಕಾಲಿನ ಚುರುಕಿಗೆ ಬೆಸೆದರು. ಹೊಡೆದು ನಿಲ್ಲಬೇಡ, ಹೊಡೆದು ಜಾಗ ಬದಲಿಸು, ಎದುರಾಳಿ ನಿನ್ನನ್ನು ಹುಡುಕುವಂತಾಗಲಿ, ಇದು ಆ ಶಾಲೆಯ ಮೂಲ ಪಾಠ. 1972ರಲ್ಲಿ ಚಿನ್ನ ಬರಲಾರಂಭಿಸಿತು, ಪ್ಯಾರಿಸ್ ಹೊತ್ತಿಗೆ ಎಣಿಕೆ 42. ತೆಯೋಫಿಲೊ ಸ್ತಿವೆನ್ಸನ್ 1972, 1976, 1980ರಲ್ಲಿ ಸಾಲಾಗಿ ಮೂರು ಹೆವಿವೇಟ್ ಚಿನ್ನ ಗೆದ್ದರು. ಮುಹಮ್ಮದ್ ಅಲಿ ಜೊತೆ ಸೆಣಸಲು ಅಮೆರಿಕದಿಂದ ಲಕ್ಷಾಂತರ ಡಾಲರುಗಳ ಆಹ್ವಾನ ಬಂದಾಗ, ತನ್ನ ಜನರ ಪ್ರೀತಿ ಅದಕ್ಕಿಂತ ಹೆಚ್ಚು ಎಂದು ನಿರಾಕರಿಸಿದರು. ಫೆಲಿಕ್ಸ್ ಸಾವೊನ್ 1992ರಿಂದ 2000ದವರೆಗೆ ಅದೇ ಸಾಧನೆ ಮಾಡಿದರು. ಹಳೆಯ ಹವಾನಾದ ರಫಾಯೆಲ್ ತ್ರೇಹೊ ವ್ಯಾಯಾಮಶಾಲೆ ಬಯಲಲ್ಲಿದೆ, ಸುತ್ತ ವಠಾರದ ಗೋಡೆಗಳು. ಗುದ್ದುವ ಚೀಲದ ಬದಲು ಲಾರಿಯ ಹಳೆಯ ಟೈರಿಗೆ ಗುದ್ದಿ ಅಭ್ಯಾಸ ಮಾಡುತ್ತಾರೆ. ಇಷ್ಟು ದೊಡ್ಡ ಪರಂಪರೆಯ ದೇಶ ಹೆಣ್ಣುಮಕ್ಕಳನ್ನು ರಿಂಗಿನಿಂದ ಹೊರಗಿಟ್ಟಿತ್ತು, ಅವರಿಗೆ ಅನುಮತಿ ಸಿಕ್ಕಿದ್ದು 2022ರ ಡಿಸೆಂಬರಿನಲ್ಲಿ. ಇದು ಆ ವ್ಯವಸ್ಥೆಯ ದೊಡ್ಡ ಲೋಪ. ನಿಮ್ಮ ವಿದ್ಯಾರ್ಥಿನಿಗೆ ಇದನ್ನೂ ಹೇಳಿ. ಜೊತೆಗೆ ವಾಲಿಬಾಲ್ ತಂಡದ ಕಥೆಯನ್ನೂ ಹೇಳಿ. ಮಿರೇಯಾ ಲೂಯಿಸ್ ಅವರಿದ್ದ ಕ್ಯೂಬಾದ ಮಹಿಳೆಯರ ತಂಡದವರು 1992, 1996, 2000 ಮೂರೂ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದರು, ಅವರ ಜಿಗಿತ ನೋಡಿದವರು ಮರೆಯುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಕೆಲವರು, "ಅವರ ರಕ್ತದಲ್ಲೇ ಲಯವಿದೆ" ಎಂದು ಮುಗಿಸಿಬಿಡುತ್ತಾರೆ. ಈ ಮಾತನ್ನು ತರಗತಿಯಲ್ಲಿ ಹೇಳಬೇಡಿರೆಂದು ನನ್ನ ಕೋರಿಕೆ. ಲಯ ರಕ್ತದಲ್ಲಿ ಬರುವುದಿಲ್ಲ, ಕೇಳಿ ಬರುತ್ತದೆ, ಕಂಡು ಬರುತ್ತದೆ. ರುಂಬಾ ಎಂಬ ಹಾಡು-ಕುಣಿತ ಹುಟ್ಟಿದ್ದು ಹವಾನಾ ಮತ್ತು ಮತಾನ್ಸಾಸ್‌ನ ಬಂದರಿನ ಬಳಿಯ ವಠಾರಗಳ ಅಂಗಳದಲ್ಲಿ. ಡೋಲು ಬಾರಿಸಲು ಅಡ್ಡಿಯಿದ್ದಾಗ ಕಾರ್ಮಿಕರು ಒಣಮೀನು ತುಂಬಿ ಬರುತ್ತಿದ್ದ ಮರದ ಪೆಟ್ಟಿಗೆಯನ್ನೇ ಬಾರಿಸಿದರು. ಆ ಪೆಟ್ಟಿಗೆ ಇಂದು ಕಹೊನ್ ಎಂಬ ವಾದ್ಯ. ಎರಡು ಮರದ ತುಂಡುಗಳನ್ನು ತಾಡಿಸುವ ಕ್ಲಾವೆಯ ಐದು ಪೆಟ್ಟುಗಳ ಮೇಲೆ ಹಾಡು, ಕುಣಿತ ಎಲ್ಲವೂ ನಿಲ್ಲುತ್ತದೆ. 2016ರಲ್ಲಿ ಯುನೆಸ್ಕೊ ರುಂಬಾವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದ ಯೊರುಬಾ ಜನ ತಮ್ಮ ದೈವಗಳನ್ನು ಕ್ಯಾಥೊಲಿಕ್ ಸಂತರ ಹೆಸರಿನೊಳಗೆ ಕಾಪಾಡಿಕೊಂಡದ್ದೂ ಇದೇ ಬಗೆಯ ಜಾಣ್ಮೆ. ಡಿಸೆಂಬರ್ 17ರಂದು ಹವಾನಾ ಹೊರವಲಯದ ಎಲ್ ರಿಂಕೊನ್‌ಗೆ ಸಂತ ಲಾಜರನ ಹರಕೆ ಹೊತ್ತು ಸಾವಿರಾರು ಜನ ನಡೆದು, ಕೆಲವರು ತೆವಳಿ ಬರುತ್ತಾರೆ. ಅವರಲ್ಲಿ ಅನೇಕರಿಗೆ ಆ ಸಂತನೇ ರೋಗ ಕಾಯುವ ದೈವ ಬಬಾಲು ಆಯೆ.

ಅಲ್ಲಿನ ಸಂಸ್ಕೃತಿಯಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದದ್ದು ಚುರುಟಿನ ಕಾರ್ಖಾನೆಯ ಓದುಗ. 1865ರಲ್ಲಿ ಹವಾನಾದ ಎಲ್ ಫೀಗರೊ ಕಾರ್ಖಾನೆಯಲ್ಲಿ ಈ ಪದ್ಧತಿ ಆರಂಭವಾಯಿತು. ನೂರಾರು ಮಂದಿ ತಲೆ ತಗ್ಗಿಸಿ ಹೊಗೆಸೊಪ್ಪು ಸುರುಳುತ್ತಿರುವಾಗ ಒಬ್ಬರು ಎತ್ತರದ ಪೀಠದಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಾರೆ. ಬೆಳಗ್ಗೆ ಪತ್ರಿಕೆ, ಆಮೇಲೆ ಕಾದಂಬರಿ. ಯಾವ ಕಾದಂಬರಿ ಎಂಬುದನ್ನು ಕಾರ್ಮಿಕರು ಮತ ಹಾಕಿ ನಿರ್ಧರಿಸುತ್ತಾರೆ. ಹಿಂದೆ ಓದುಗರ ಸಂಬಳವನ್ನೂ ಅವರೇ ಚಂದಾ ಎತ್ತಿ ಕೊಡುತ್ತಿದ್ದರು. ಮೆಚ್ಚುಗೆಯಾದರೆ ಎಲೆ ಕತ್ತರಿಸುವ ಚಾಕುವಿನಿಂದ ಮೇಜನ್ನು ಟಕಟಕ ಬಡಿಯುತ್ತಾರೆ. ಅಕ್ಷರ ಬಾರದ ಕಾರ್ಮಿಕ ಹೀಗೆ ಜಗತ್ತಿನ ದೊಡ್ಡ ಕೃತಿಗಳನ್ನು ಬಲ್ಲವನಾದ. ಸ್ಪೇನಿನ ಅಧಿಕಾರಿಗಳು ಹೆದರಿ 1866ರಲ್ಲೇ ಓದನ್ನು ನಿಷೇಧಿಸಿದರು, ಅದು ಮತ್ತೆ ಚಿಗುರಿತು, ಇಂದಿಗೂ ಇದೆ. ಬೀದಿಯ ಬದಿಯಲ್ಲಿ ಚದುರಂಗದ ಹಲಗೆ ಹಾಸಿ ಕೂರುವವರನ್ನು ಕಂಡಾಗಲೂ ನನಗೆ ಇದೇ ನೆನಪಾಗುತ್ತದೆ. 1921ರಲ್ಲಿ ಹವಾನಾದಲ್ಲೇ ಅಂದಿನ ಚದುರಂಗ ಚಾಂಪಿಯನ್ ಲಾಸ್ಕರ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ ಕಾಪಾಬ್ಲಾಂಕಾ ಅವರ ಊರು ಅದು. ದುಡಿಯುವವರು ಬುದ್ಧಿಯ ಆಟವನ್ನು ತಮ್ಮದೇ ಎಂದುಕೊಂಡ ಜಾಗ.

ಇನ್ನು ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯ ಗಂಟು ಬಿಚ್ಚೋಣ. ಹಸಿವಿದ್ದೂ ಹೇಗೆ ಗೆದ್ದರು? ಇಲ್ಲಿ ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿಯಿತು. ಸಕ್ಕರೆ ಕೊಟ್ಟು ಪೆಟ್ರೋಲಿಯಂ ತರುತ್ತಿದ್ದ ಕ್ಯೂಬಾದ ಬದುಕು ಅದರೊಂದಿಗೆ ಕುಸಿಯಿತು. 1989ರಿಂದ 1993ರೊಳಗೆ ಆರ್ಥಿಕ ಉತ್ಪನ್ನ ಮೂರನೆಯ ಒಂದು ಭಾಗದಷ್ಟು ಕರಗಿತು. ಬಸ್ಸು ನಿಂತವು, ಚೀನಾದಿಂದ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ ಬಂದವು. ಪೌಷ್ಟಿಕತೆ ಕುಸಿದು 50,000ಕ್ಕೂ ಹೆಚ್ಚು ಜನರ ಕಣ್ಣಿನ ಮತ್ತು ಕೈಕಾಲಿನ ನರಗಳು ದುರ್ಬಲವಾದವು. "ವಿಶೇಷ ಅವಧಿ" ಎಂದು ಅವರು ಕರೆಯುವ ಕಾಲ ಅದು. ಅದೇ 1991ರಲ್ಲಿ ಹವಾನಾದಲ್ಲಿ ನಡೆದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಕ್ಯೂಬಾ 140 ಚಿನ್ನ ಗೆದ್ದು, 130 ಚಿನ್ನದ ಅಮೆರಿಕವನ್ನು ಹಿಂದಿಕ್ಕಿತು. 1992ರ ಬಾರ್ಸಿಲೋನಾದಲ್ಲಿ 14 ಚಿನ್ನ, ಐದನೆಯ ಸ್ಥಾನ. 1993ರ ಜುಲೈಯಲ್ಲಿ ಹವಿಯೆರ್ ಸೊತೊಮಯೋರ್ 2.45 ಮೀಟರ್ ಎತ್ತರ ಜಿಗಿದರು. ಆ ದಾಖಲೆಯನ್ನು ಇಂದಿಗೂ ಯಾರೂ ದಾಟಿಲ್ಲ.

ಹಸಿವು ಅವರನ್ನು ಗಟ್ಟಿಮಾಡಿತು ಎಂಬ ವಿವರಣೆ ಕೇಳಲು ಚೆನ್ನ. ನಾನು ಅದನ್ನು ಒಪ್ಪುವುದಿಲ್ಲ. ಆ ಆಟಗಾರರು ವಸತಿ ಶಾಲೆಗೆ ಸೇರಿದ್ದು 1970ರ, 80ರ ದಶಕಗಳಲ್ಲಿ, ಹಾಲು ಮಾಂಸ ಸಿಗುತ್ತಿದ್ದ, ತರಬೇತುದಾರರು ಊರು ಬಿಡದಿದ್ದ ಕಾಲದಲ್ಲಿ. ತೆಂಗಿನ ಸಸಿ ನೆಟ್ಟವನಿಗೆ ಫಲ ಸಿಗುವುದು ಎಷ್ಟು ವರ್ಷದ ಮೇಲೋ, ಪದಕವೂ ಹಾಗೆ. ಬರಗಾಲದಲ್ಲಿ ಕೊಯ್ದದ್ದು ಹಳೆಯ ಮಳೆಯ ಬೆಳೆ. ಬರಗಾಲದ್ದೇ ಬೆಳೆ ಈಗ ಕಾಣುತ್ತಿದೆ: ಟೋಕಿಯೊದಲ್ಲಿ ಏಳು ಚಿನ್ನ, ಪ್ಯಾರಿಸ್‌ನಲ್ಲಿ ಎರಡು.

ಎರಡನೆಯ ಕಾರಣ ವಲಸೆ. 2012ರ ಜನಗಣತಿಯಲ್ಲಿ 1.1 ಕೋಟಿಗೂ ಮೀರಿದ್ದ ಜನಸಂಖ್ಯೆ ಈಗ ಒಂದು ಕೋಟಿಗಿಂತ ಕೆಳಗಿದೆ. 2021ರ ನಂತರ ಹೊರಟವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನವರು. ಹೊಸ ವರ್ಷದ ಹಿಂದಿನ ರಾತ್ರಿ ಹವಾನಾದಲ್ಲಿ ಎರಡು ಆಚರಣೆಗಳಿವೆ. ಹನ್ನೆರಡು ಹೊಡೆದಾಗ ವರ್ಷದ ಕೆಡುಕೆಲ್ಲ ಹೋಗಲೆಂದು ಬಾಗಿಲಿನಿಂದ ಒಂದು ಬಕೆಟ್ ನೀರನ್ನು ಬೀದಿಗೆ ಎರಚುತ್ತಾರೆ. ಹೊರದೇಶಕ್ಕೆ ಹೋಗುವ ಆಸೆಯುಳ್ಳವರು ಸೂಟ್‌ಕೇಸ್ ಹಿಡಿದು ತಮ್ಮ ಕೇರಿಯನ್ನು ಒಂದು ಸುತ್ತು ಹಾಕಿ ಬರುತ್ತಾರೆ. ಆಟಗಾರರಲ್ಲಿ ಈ ಸುತ್ತು ಬಹಳ ಹಿಂದೆಯೇ ಶುರುವಾಗಿತ್ತು. 1995ರಲ್ಲಿ ತಂಡ ತೊರೆದ ಬೇಸ್‌ಬಾಲ್ ಆಟಗಾರ ಲಿವಾನ್ ಎರ್ನಾಂದೆಸ್ ಎರಡೇ ವರ್ಷಗಳಲ್ಲಿ ಅಮೆರಿಕದ ಬೇಸ್‌ಬಾಲ್ ಪಟ್ಟದ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರರಾದರು. 2021ರಲ್ಲಿ ಮೆಕ್ಸಿಕೊದ 23 ವರ್ಷದೊಳಗಿನವರ ಬೇಸ್‌ಬಾಲ್ ವಿಶ್ವಕಪ್‌ಗೆ ಹೋದ ತಂಡದಲ್ಲಿ ಅರ್ಧದಷ್ಟು ಹುಡುಗರು ಮರಳಲೇ ಇಲ್ಲ. ಆಟಗಾರರು ಕಾನೂನಿನ ದಾರಿಯಲ್ಲೇ ಅಮೆರಿಕಕ್ಕೆ ಹೋಗಿ ಆಡಲು 2018ರ ಡಿಸೆಂಬರಿನಲ್ಲಿ ಎರಡೂ ಕಡೆಯ ಬೇಸ್‌ಬಾಲ್ ಸಂಸ್ಥೆಗಳು ಒಪ್ಪಂದ ಮಾಡಿಕೊಂಡಿದ್ದವು. 2019ರ ಏಪ್ರಿಲಿನಲ್ಲಿ ಟ್ರಂಪ್ ಸರ್ಕಾರ ಅದನ್ನು ರದ್ದುಮಾಡಿತು. ಕಳ್ಳಸಾಗಣೆದಾರರ ದೋಣಿ ಹತ್ತಬೇಕಾದ ಹುಡುಗರಿಗೆ ಅದೊಂದು ನೇರ ಬಾಗಿಲಾಗಿತ್ತು. ಅದನ್ನು ಮುಚ್ಚಿದ್ದು ಅನ್ಯಾಯ. ಹೊರಟವರನ್ನು ದ್ರೋಹಿಗಳೆಂದು ಕರೆಯುತ್ತ ಬಂದ ಹವಾನಾದ ಹಳೆಯ ನಡೆಯೂ ಅನ್ಯಾಯವೇ.

ಹಾಗಾಗಿ ಸರ್ಕಾರವೋ ಜನರೋ ಎಂಬ ನಿಮ್ಮ ಪ್ರಶ್ನೆಗೆ ಹೀಗೆ ಹೇಳುತ್ತೇನೆ: ಆಸೆ, ಚುರುಕು, ಕಣ್ಣು ಕೈಗಳ ಪಳಗಿಕೆ ಬೀದಿಯದ್ದು. ಮಗುವನ್ನು ಗುರುತಿಸಿದ್ದು, ಊಟ ಹಾಕಿದ್ದು, ಹದಿನೈದು ವರ್ಷ ಬೆನ್ನು ಬಿಡದೆ ಕಲಿಸಿದ್ದು ಸರ್ಕಾರದ ಸಂಬಳ ಪಡೆದ ನಿಮ್ಮಂಥ ಶಿಕ್ಷಕರು. ಪದಕ ಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ. ಕ್ಯೂಬಾದ ನಿಜವಾದ ಸಂಪತ್ತು ಅವರೇ ಎಂದು ನಾನು ನಂಬಿದ್ದೇನೆ. ಅವರಲ್ಲಿ ಬಹಳ ಮಂದಿ ಇಂದು ಬೇರೆ ದೇಶಗಳಲ್ಲಿ ಕಲಿಸುತ್ತಿದ್ದಾರೆ.

ನಮ್ಮ ದೇಶಕ್ಕೂ ಒಬ್ಬರು ಬಂದರು. ಬಿ.ಐ. ಫರ್ನಾಂಡಿಸ್ ಎಂದು ಇಲ್ಲಿ ಎಲ್ಲರೂ ಕರೆಯುವ ಬ್ಲಾಸ್ ಇಗ್ಲೇಸಿಯಸ್ ಫೆರ್ನಾಂದೆಸ್ 1990ರಲ್ಲಿ ಕ್ಯೂಬಾದಿಂದ ಭಾರತದ ಬಾಕ್ಸಿಂಗ್ ತಂಡಕ್ಕೆ ಕಲಿಸಲು ಬಂದು, ಎರಡು ದಶಕಗಳಿಗೂ ಹೆಚ್ಚು ಕಾಲ ನಮ್ಮ ಹುಡುಗರೊಂದಿಗೆ ದುಡಿದರು. 2008ರ ಬೀಜಿಂಗ್‌ನಲ್ಲಿ ವಿಜೇಂದರ್ ಸಿಂಗ್ ಗೆದ್ದ ಕಂಚಿನ ಹಿಂದೆ ಅವರ ಶ್ರಮವೂ ಇದೆ. 2012ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಪಡೆದರು, ಆ ಗೌರವ ಸಂದ ಮೊದಲ ವಿದೇಶಿ ಅವರೇ. ಪಟಿಯಾಲದ ಬಾಕ್ಸಿಂಗ್ ಶಿಬಿರಗಳಲ್ಲಿ ಕಲಿತ ತರಬೇತುದಾರರು ನಿಮ್ಮ ಜಿಲ್ಲೆಯಲ್ಲಿ ಇದ್ದರೆ ಒಂದು ದಿನ ಶಾಲೆಗೆ ಕರೆಸಿ. ಹೊಡೆದ ಮೇಲೆ ಕಾಲು ಎಲ್ಲಿ ಇಡಬೇಕೆಂದು ಆ ಹುಡುಗಿಗೆ ತೋರಿಸಿಕೊಡಲು ಹೇಳಿ.